ಒಕನಾಗನ್ ಜನರ ದೇವರು ಯಾರು? ತರಗತಿಯಲ್ಲಿ ಎದುರಾದ ಪ್ರಶ್ನೆ

ಪ್ರಶ್ನೆ: ವಿದ್ಯಾನಗರದ ಓದುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿನ ಪದವಿ ಕಾಲೇಜೊಂದರಲ್ಲಿ ಸಾಹಿತ್ಯ ಪಾಠ ಮಾಡುತ್ತೇನೆ. ಕಳೆದ ವಾರ ಉತ್ತರ ಅಮೆರಿಕದ ಮೂಲನಿವಾಸಿ ಲೇಖಕಿಯರ ಬಗ್ಗೆ ಹೇಳುತ್ತಿದ್ದಾಗ ಮಾರ್ನಿಂಗ್ ಡವ್ ಎಂಬ ಹೆಸರಿನಿಂದ ಬರೆದು 1927ರಲ್ಲಿ ಕಾದಂಬರಿ ಪ್ರಕಟಿಸಿದ ಕ್ರಿಸ್ಟೀನ್ ಕ್ವಿಂಟಾಸ್ಕೆಟ್ ಅವರ ಪ್ರಸ್ತಾಪ ಬಂತು. ಅವರು ಒಕನಾಗನ್ ಜನಾಂಗದವರು ಎಂದೊಡನೆ ಹಿಂದಿನ ಬೆಂಚಿನ ಹುಡುಗನೊಬ್ಬ "ಮೇಡಂ, ಅವರ ದೇವರು ಯಾವುದು?" ಎಂದು ಕೇಳಿದ. "ಪ್ರಕೃತಿಯ ಆರಾಧಕರು" ಎಂದು ಹೇಳಿ ಮುಂದೆ ಹೋದೆ. ಆದರೆ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ನಮ್ಮ ಸೀಮೆಯ ಯಾವುದಾದರೂ ಸಮುದಾಯವನ್ನು ಹೊರಗಿನವರು ಹೀಗೆ ಎರಡು ಪದದಲ್ಲಿ ಮುಗಿಸಿದ್ದರೆ ನಾನೇ ಜಗಳಕ್ಕೆ ನಿಲ್ಲುತ್ತಿದ್ದೆ. ಈ ಜನರ ನಂಬಿಕೆಯನ್ನು ಯಾವ ತುದಿಯಿಂದ ಹಿಡಿದು ವಿವರಿಸಬೇಕೆಂದು ತಿಳಿದವರು ಹೇಳಬೇಕಾಗಿ ವಿನಂತಿ.

ಉತ್ತರ 1: ಕಲ್ಲಿನಕೋಟೆ, ಚಿತ್ರದುರ್ಗ

ಮೇಡಂ, ಊಟದ ತುದಿಯಿಂದ ಹಿಡಿಯಿರಿ. ಅವರ ಕಥೆಗಳೂ ಅಲ್ಲಿಂದಲೇ ಹಿಡಿಯುತ್ತವೆ.

ಮೊದಲು ಹೆಸರಿನ ವಿಷಯ. ಕೆನಡಾದಲ್ಲಿ ಒಕನಾಗನ್, ಅಮೆರಿಕದಲ್ಲಿ ಒಕನೋಗನ್ ಎಂದು ಬರೆಯುವ ಈ ಜನ ತಮ್ಮನ್ನು ಕರೆದುಕೊಳ್ಳುವುದು ಸೀಲ್ಕ್ಸ್ ಎಂದು. ಬ್ರಿಟಿಷ್ ಕೊಲಂಬಿಯಾದ ದಕ್ಷಿಣದ ಒಳನಾಡು ಮತ್ತು ವಾಷಿಂಗ್ಟನ್ ರಾಜ್ಯದ ಉತ್ತರ ಭಾಗ ಸೇರಿ ಅವರ ನಾಡು. 1846ರ ಒಪ್ಪಂದದಲ್ಲಿ 49ನೇ ಅಕ್ಷಾಂಶವನ್ನು ಗಡಿಯಾಗಿ ಎಳೆದಾಗ, ಅವರನ್ನು ಒಂದು ಮಾತೂ ಕೇಳದೆ ಆ ನಾಡನ್ನು ಎರಡು ದೇಶಗಳಿಗೆ ಹಂಚಲಾಯಿತು.

ಇನ್ನು ಕಥೆ. ಮನುಷ್ಯರು ಹುಟ್ಟುವುದಕ್ಕೆ ಮೊದಲು, ಮುಂದೆ ಬರಲಿರುವ ಆ ಜನ ಏನು ತಿಂದು ಬದುಕಬೇಕೆಂದು ಚರ್ಚಿಸಲು ನಾಲ್ವರು ಮುಖ್ಯಸ್ಥರು ಸೇರಿದರಂತೆ: ನೆಲದ ಮೇಲಿನ ಪ್ರಾಣಿಗಳಿಗೆ ಕಪ್ಪು ಕರಡಿ, ನೀರಿನ ಜೀವಗಳಿಗೆ ಸಾಲ್ಮನ್ ಮೀನು, ನೆಲದೊಳಗಿನ ಗೆಡ್ಡೆ ಬೇರುಗಳಿಗೆ ಸ್ಪಿಟ್ಲಮ್ ಎಂಬ ಕಹಿಬೇರು, ನೆಲದ ಮೇಲೆ ಬೆಳೆಯುವ ಹಣ್ಣುಗಳಿಗೆ ಸಿಯಾ ಎಂಬ ಕಪ್ಪುನೀಲಿ ಹಣ್ಣು. ಎಲ್ಲರಿಗಿಂತ ಹಿರಿಯನಾದ ಕರಡಿ ತನ್ನ ದೇಹವನ್ನೇ ಕೊಡುತ್ತೇನೆಂದು ಮಾತು ಕೊಟ್ಟು ಪ್ರಾಣ ಬಿಟ್ಟಿತು. ಉಳಿದ ಮೂವರೂ ಅದರಂತೆಯೇ ತಮ್ಮನ್ನು ಒಪ್ಪಿಸಿಕೊಂಡರು. ಸತ್ತು ಬಿದ್ದ ಕರಡಿಯನ್ನು ಎಬ್ಬಿಸಲು ಪ್ರಾಣಿಗಳೆಲ್ಲ ಒಂದೊಂದಾಗಿ ಹಾಡಿ ಸೋತ ಮೇಲೆ, ಕೊನೆಗೆ ಅದು ಎದ್ದದ್ದು ನೊಣದ ಹಾಡಿಗೆ. ಇಡೀ ಕಥೆಯಲ್ಲಿ ನನಗೆ ಬಹಳ ಹಿಡಿಸಿದ್ದು ಈ ನೊಣ.

ಹೀಗಾಗಿ ವರ್ಷದ ಮೊದಲ ಬೇರು, ಮೊದಲ ಹಣ್ಣು, ಮೊದಲ ಸಾಲ್ಮನ್ ಬಂದಾಗ ಅವರು ನಡೆಸುವ ಆಚರಣೆಯನ್ನು, ತಮಗಾಗಿ ಪ್ರಾಣ ಕೊಟ್ಟವರಿಗೆ ಸಲ್ಲಿಸುವ ಋಣವೆಂದು ತಿಳಿಯಬೇಕು. ಕಹಿಬೇರನ್ನು ವಸಂತದಲ್ಲಿ, ಹೂ ಅರಳುವ ಮುನ್ನ ಅಗೆದು, ಸಿಪ್ಪೆ ಸುಲಿದು ಒಣಗಿಸುತ್ತಾರೆ. ಆ ಗಿಡ ಒಣಗಿ ವರ್ಷ ಕಳೆದರೂ ನೀರು ಸಿಕ್ಕರೆ ಮತ್ತೆ ಚಿಗುರುತ್ತದೆ ಎಂಬುದನ್ನು ಸಸ್ಯಶಾಸ್ತ್ರಜ್ಞರೂ ಒಪ್ಪಿದ್ದಾರೆ. ಅದರ ಶಾಸ್ತ್ರೀಯ ಹೆಸರಿನಲ್ಲೇ 'ಮತ್ತೆ ಬದುಕಿದ್ದು' ಎಂಬ ಅರ್ಥವಿದೆ.

ವೈಯಕ್ತಿಕ ನಂಬಿಕೆಯದು ಬೇರೊಂದು ಮಗ್ಗುಲು. ಹಿಂದೆ ಹರೆಯಕ್ಕೆ ಬರುವ ಮಕ್ಕಳು ಒಂಟಿಯಾಗಿ ಬೆಟ್ಟಕ್ಕೆ ಹೋಗಿ, ಉಪವಾಸವಿದ್ದು, ತಮ್ಮನ್ನು ಕಾಯುವ ಶಕ್ತಿಯೊಂದರ ದರ್ಶನಕ್ಕೆ ಕಾಯುತ್ತಿದ್ದರು. ಅದು ಪ್ರಾಣಿಯ ರೂಪದಲ್ಲಿ ಬಂದು ಹಾಡೊಂದನ್ನು ಕೊಡುತ್ತಿತ್ತು. ಚಳಿಗಾಲದ ರಾತ್ರಿಗಳ ಕುಣಿತದಲ್ಲಿ ಅವರವರ ಹಾಡನ್ನು ಅವರವರೇ ಹಾಡಬೇಕು. ಈ ಕುಣಿತ ಇಂದಿಗೂ ನಿಂತಿಲ್ಲ.

ಹೋಲಿಕೆ ಬೇಕೆಂದರೆ, ನಮ್ಮ ಚಳ್ಳಕೆರೆ ಸೀಮೆಯ ಮ್ಯಾಸಬೇಡರ ದೇವರ ಎತ್ತುಗಳನ್ನೂ ಅವುಗಳ ಹಿಂದೆಯೇ ಬದುಕು ಸವೆಸುವ ಕಿಲಾರಿಗಳನ್ನೂ ಹುಡುಗರಿಗೆ ನೆನಪಿಸಬಹುದು. ಆದರೆ ಎರಡೂ ಒಂದೇ ಎಂದು ಹೇಳಬೇಡಿ. ಇಲ್ಲಿ ದೇವರ ಎತ್ತನ್ನು ತಿನ್ನುವ ಮಾತೇ ಇಲ್ಲ; ಅಲ್ಲಿ ತಿನ್ನುವುದರಲ್ಲೇ ಸಂಬಂಧವಿದೆ.

ಉತ್ತರ 2: ಭದ್ರಾನಾಲೆ, ದಾವಣಗೆರೆ

ನಾನು ಮೂವತ್ತು ವರ್ಷ ನಾಲೆ, ತೂಬುಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ಧರ್ಮದ ವಿಷಯದಲ್ಲಿ ಅಧಿಕಾರವಿಲ್ಲ. ಆದರೆ ಮೇಲಿನ ಉತ್ತರದ ನಾಲ್ವರು ಮುಖ್ಯಸ್ಥರಲ್ಲಿ ಒಬ್ಬರಿಗೆ ನಮ್ಮ ವೃತ್ತಿಯವರು ಏನು ಮಾಡಿದರೆಂಬುದನ್ನು ಹೇಳಬೇಕು. ಸಾಲ್ಮನ್ ಸಿಹಿನೀರಿನಲ್ಲಿ ಹುಟ್ಟಿ, ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ಮರಳುವ ಮೀನು. ವಾಷಿಂಗ್ಟನ್ ರಾಜ್ಯದಲ್ಲಿ ಕೊಲಂಬಿಯಾ ನದಿಗೆ ಅಡ್ಡಲಾಗಿ ಕಟ್ಟಿ 1942ರಲ್ಲಿ ಪೂರ್ಣಗೊಂಡ, ಸುಮಾರು 168 ಮೀಟರ್ ಎತ್ತರದ ಗ್ರ್ಯಾಂಡ್ ಕೂಲಿ ಅಣೆಕಟ್ಟಿನಲ್ಲಿ ಮೀನು ಹತ್ತಿ ಹೋಗುವ ಮೆಟ್ಟಿಲನ್ನೇ ಇಡಲಿಲ್ಲ. ಅನೇಕ ಬುಡಕಟ್ಟುಗಳು ಸೇರಿ ಮೀನು ಹಿಡಿಯುತ್ತಿದ್ದ ಕೆಟಲ್ ಜಲಪಾತ ಹಿನ್ನೀರಿನಲ್ಲಿ ಮುಳುಗಿತು. ಮುಳುಗುವ ಮುನ್ನ, 1940ರ ಜೂನ್‌ನಲ್ಲಿ, ಸುತ್ತಲಿನ ಜನ ಅಲ್ಲಿ ನೆರೆದು ಮೂರು ದಿನ ನಡೆಸಿದ ಬೀಳ್ಕೊಡುಗೆಗೆ 'ಕಣ್ಣೀರಿನ ಆಚರಣೆ' ಎಂದೇ ಹೆಸರು.

ಒಕನಾಗನ್ ನದಿ ಆ ಅಣೆಕಟ್ಟಿಗಿಂತ ಕೆಳಗೆ ಕೊಲಂಬಿಯಾ ನದಿಯನ್ನು ಸೇರುವುದರಿಂದ ಅಲ್ಲಿಗೆ ಹೋಗುವ ಸಾಕ್‌ಐ ಜಾತಿಯ ಸಾಲ್ಮನ್ ಪೂರ್ತಿ ಅಳಿಯಲಿಲ್ಲ, ಆದರೆ ಒಂಬತ್ತು ಅಣೆಕಟ್ಟುಗಳನ್ನು ದಾಟಿಯೇ ಬರಬೇಕು. ಒಕನಾಗನ್ ಸಮುದಾಯಗಳ ಒಕ್ಕೂಟ ಆ ಮೀನನ್ನು ಮೇಲಿನ ಸ್ಕಾಹಾ ಸರೋವರಕ್ಕೆ ಮರಳಿ ತರುವ ಕೆಲಸವನ್ನು ಈ ಶತಮಾನದ ಆರಂಭದಲ್ಲಿ ಕೈಗೆತ್ತಿಕೊಂಡಿತು. 2014ರಲ್ಲಿ ಬ್ರಿಟಿಷ್ ಕೊಲಂಬಿಯಾದ ಪೆಂಟಿಕ್ಟನ್ ಊರಿನಲ್ಲಿ ತಮ್ಮದೇ ಮೀನುಮರಿ ಕೇಂದ್ರವನ್ನೂ ತೆರೆದರು. ವಸಂತದಲ್ಲಿ ಮರಿಗಳನ್ನು ಹೊಳೆಗೆ ಬಿಡುವಾಗ ಪ್ರಾರ್ಥನೆ, ಹಾಡು ಇರುತ್ತವೆ, ಶಾಲಾ ಮಕ್ಕಳೂ ಬರುತ್ತಾರೆ. ಇದನ್ನು ಮೀನುಗಾರಿಕೆ ಎನ್ನಬೇಕೋ ಪೂಜೆ ಎನ್ನಬೇಕೋ ನೀವೇ ಹೇಳಿ.

ವಿದ್ಯಾನಗರದ ಓದುಗಿ

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹ. ಇವರಲ್ಲಿ ಬಹಳಷ್ಟು ಜನ ಈಗ ಕ್ರೈಸ್ತರಲ್ಲವೇ? ಹಾಗಿದ್ದರೆ ಇದೆಲ್ಲ ಹಳೆಯ ನೆನಪು ಮಾತ್ರವೇ?

ಉತ್ತರ 3: ಹಿರಿಯೂರಿನ ಗ್ರಂಥಪಾಲಕ

ಕ್ಯಾಥೊಲಿಕರು ಅನೇಕರಿದ್ದಾರೆ. ಪಾಂಡೋಸಿ ಎಂಬ ಫ್ರೆಂಚ್ ಪಾದ್ರಿ ಈಗಿನ ಕೆಲೋನಾ ನಗರದ ಬಳಿ ಮಿಷನ್ ಸ್ಥಾಪಿಸಿದ್ದು 1859ರಲ್ಲಿ. ಚರ್ಚಿಗೂ ಹೋಗಿ ಚಳಿಗಾಲದ ಕುಣಿತಕ್ಕೂ ಹೋಗುವ ಕುಟುಂಬಗಳಿವೆ. ನಮ್ಮ ಕಡೆ ಒಂದೇ ಮನೆಯವರು ಮಠಕ್ಕೂ ನಡೆದುಕೊಂಡು ಊರಮ್ಮನ ಜಾತ್ರೆಗೂ ನಡೆದುಕೊಳ್ಳುವುದನ್ನು ಕಂಡವರಿಗೆ ಅದು ಅಷ್ಟೇನೂ ವಿಚಿತ್ರವೆನಿಸದು. ನಿಜವಾದ ಪೆಟ್ಟು ಬಿದ್ದದ್ದು ವಸತಿ ಶಾಲೆಗಳಿಂದ. ಕಾಮ್ಲೂಪ್ಸ್‌ನಂಥ ಶಾಲೆಗಳಿಗೆ ಮಕ್ಕಳನ್ನು ಮನೆಯಿಂದ ಒಯ್ದು, ತಾಯ್ನುಡಿ ಆಡಿದರೆ ಶಿಕ್ಷಿಸಿದ್ದರಿಂದ, ಇಂದು ಅವರ ಎನ್‌ಸೀಲ್ಕ್ಸ್‌ಚಿನ್ ಭಾಷೆಯನ್ನು ಸರಾಗವಾಗಿ ಆಡುವವರು ಹೆಚ್ಚಾಗಿ ಹಿರಿಯರೇ. ಯುವಕರು ದೊಡ್ಡವರಾದ ಮೇಲೆ ತರಗತಿಗೆ ಕೂತು ಕಲಿಯುತ್ತಿದ್ದಾರೆ.

ಹಳೆಯ ನೆನಪು ಮಾತ್ರವೇ ಎಂಬುದಕ್ಕೆ ಒಂದು ಪದವನ್ನು ನೋಡಿ. ಪೆಂಟಿಕ್ಟನ್‌ನಲ್ಲಿ ಅವರ ವಿದ್ಯಾಕೇಂದ್ರವೊಂದಿದೆ, ಹೆಸರು ಎನೌಕಿನ್. ಲೇಖಕಿ ಜೆನೆಟ್ ಆರ್ಮ್‌ಸ್ಟ್ರಾಂಗ್ ವಿವರಿಸುವಂತೆ, ತಲೆಯ ಮೂಲಕ ಮನಸ್ಸಿಗೆ ಹನಿಹನಿಯಾಗಿ ಇಳಿಯುವುದು ಎಂಬ ಚಿತ್ರ ಆ ಪದದೊಳಗಿದೆ. ಊರಿನ ಕಷ್ಟದ ವಿಷಯವನ್ನು ಚರ್ಚಿಸುವಾಗ ಗೆಲ್ಲುವ ಹಟವನ್ನು ಬಿಟ್ಟು, ತನಗೆ ಎದುರಾದವನ ಮಾತನ್ನೇ ಹೆಚ್ಚು ಗಮನವಿಟ್ಟು ಕೇಳಬೇಕೆಂಬುದು ಅದರ ಕ್ರಮ. ಹಿರಿಯರ ಮಾತಿಗೆ ಕರಡಿ, ಬಾಂಧವ್ಯ ಕಾಯುವವರ ಮಾತಿಗೆ ಕಹಿಬೇರು, ಕೆಲಸಕ್ಕೆ ಇಳಿಯುವವರಿಗೆ ಸಾಲ್ಮನ್, ಹೊಸತನ್ನು ಯೋಚಿಸುವ ಎಳೆಯರಿಗೆ ಸಿಯಾ ಹಣ್ಣು ಎಂದು ಅಲ್ಲಿಯೂ ಆ ನಾಲ್ವರೇ ಕೂರುತ್ತಾರೆ.

ಹಾಗೆಂದು ಅವರನ್ನು ಕಥೆಯೊಳಗಿನ ಜನರೆಂದು ಮಾತ್ರ ಹುಡುಗರಿಗೆ ತೋರಿಸಬೇಡಿ. ಒಸೋಯೂಸ್ ಊರಿನ ಒಕನಾಗನ್ ಸಮುದಾಯ 2002ರಿಂದ ದ್ರಾಕ್ಷಾರಸದ ಕಾರ್ಖಾನೆ ನಡೆಸುತ್ತಿದೆ. ಅದೇ ಊರಿನ ಸಮೀಪದಲ್ಲಿ, ಬೇಸಿಗೆಯಲ್ಲಿ ನೀರು ಆರಿ ಖನಿಜಗಳ ಬಣ್ಣಬಣ್ಣದ ಬಟ್ಟಲುಗಳಾಗುವ ಕ್ಲಿಲೂಕ್ ಸರೋವರವಿದೆ. ಅವರಿಗೆ ಪವಿತ್ರವಾದ ಆ ಜಾಗ ದೀರ್ಘಕಾಲ ಖಾಸಗಿಯವರ ಸ್ವತ್ತಾಗಿತ್ತು. 2001ರಲ್ಲಿ ಹಣ ಕೊಟ್ಟು ಕೊಂಡ ಮೇಲಷ್ಟೇ ಅದು ಮರಳಿ ಅವರ ಕೈಗೆ ಬಂತು.