ತಲೆಗೆ ಪೆಟ್ಟಾದವರು ಉಪವಾಸವಿದ್ದರೆ ನರಕೋಶಗಳ ‘ಆಟೋಫೇಜಿ’ ಹೆಚ್ಚಿ ಮಿದುಳು ಬೇಗ ಗುಣವಾಗುವುದೇ?

ಪ್ರಶ್ನೆ: ಸಾಗರ ತಾಲ್ಲೂಕಿನ ಅಡಿಕೆ ಬೆಳೆಗಾರ

ಈ ಬಾರಿಯ ಕೊನೆಕೊಯ್ಲಿನಲ್ಲಿ ನನ್ನ ಚಿಕ್ಕಪ್ಪನ ಮಗ ಮರದಿಂದ ಬಿದ್ದು, ತಲೆಗೆ ಬಲವಾದ ಪೆಟ್ಟಾಗಿ, ಮೂರು ವಾರ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದು ಈಗ ಮನೆಗೆ ಬಂದಿದ್ದಾನೆ. ಮಾತು ತಡವರಿಸುತ್ತದೆ, ಫಿಟ್ಸ್ ಬಾರದಿರಲೆಂದು ಕೊಟ್ಟ ಮಾತ್ರೆ ನಡೆಯುತ್ತಿದೆ. ಉಪವಾಸವಿದ್ದರೆ ಆಟೋಫೇಜಿ ಚುರುಕಾಗಿ ಮಿದುಳಿನ ಕೆಟ್ಟ ಭಾಗವನ್ನು ದೇಹವೇ ತಿಂದು ಸ್ವಚ್ಛಗೊಳಿಸುತ್ತದೆ, ಇದಕ್ಕೆ ನೊಬೆಲ್ ಪ್ರಶಸ್ತಿಯೂ ಬಂದಿದೆ ಎಂದು ಹೇಳಿ, ನೆಂಟರೊಬ್ಬರು ಅವನನ್ನು ವಾರಕ್ಕೆ ಎರಡು ದಿನ ನಿರಾಹಾರವಾಗಿರಿಸಲು ಒತ್ತಾಯಿಸುತ್ತಿದ್ದಾರೆ. ಚಿಕ್ಕಮ್ಮನಿಗೂ ಅದು ಸರಿಯೆನ್ನಿಸತೊಡಗಿದೆ. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಜೀವಕೋಶ ವಿಜ್ಞಾನದ ಅಧ್ಯಾಪಕಿ, ಶಿವಮೊಗ್ಗ

ನೊಬೆಲ್ ಬಂದದ್ದು ನಿಜ. 2016ರಲ್ಲಿ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ ಅದು ಸಂದದ್ದು, ಯೀಸ್ಟ್ ಕೋಶಗಳಲ್ಲಿ ಆಟೋಫೇಜಿ (ಕೋಶ ತನ್ನೊಳಗಿನ ಕಸವನ್ನು ತಾನೇ ಜೀರ್ಣಿಸಿಕೊಳ್ಳುವ ಕ್ರಿಯೆ) ನಡೆಯುವ ಬಗೆಯನ್ನೂ ಅದಕ್ಕೆ ಬೇಕಾದ ಜೀನ್‌ಗಳನ್ನೂ ಕಂಡುಹಿಡಿದದ್ದಕ್ಕೆ. ಗಾಯಗೊಂಡ ಮಿದುಳಿಗೆ ಉಪವಾಸ ಮದ್ದೆಂದು ತೋರಿಸಿದ್ದಕ್ಕಲ್ಲ.

ನಮ್ಮ ತೋಟದ ಕೆಲಸವನ್ನೇ ನೆನೆಯಿರಿ. ದರಕನ್ನು ಹೆಡಿಗೆಗೆ ತುಂಬುವುದು ಒಂದು ಕೆಲಸ, ಅದನ್ನು ಗೊಬ್ಬರಗುಂಡಿಗೆ ಸುರಿದು ಕೊಳೆಸುವುದು ಇನ್ನೊಂದು. ಕೋಶದಲ್ಲಿಯೂ ಹಾಗೆಯೇ: ಹಾಳಾದ ಪ್ರೋಟೀನು, ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಗಳಲ್ಲಿ ಕೆಟ್ಟವು ಮುಂತಾದವುಗಳನ್ನು ಆಟೋಫಾಗೋಸೋಮ್ ಎಂಬ ಪೊರೆಯ ಚೀಲ ಸುತ್ತಿಕೊಳ್ಳುತ್ತದೆ, ಆ ಚೀಲ ಜೀರ್ಣಿಸುವ ಕಿಣ್ವಗಳು ತುಂಬಿದ ಲೈಸೋಸೋಮ್ ಎಂಬ ಇನ್ನೊಂದು ಚೀಲದೊಡನೆ ಕೂಡಿಕೊಂಡ ಮೇಲೆಯೇ ಒಳಗಿನದು ಜೀರ್ಣವಾಗುತ್ತದೆ. ನರಕೋಶಕ್ಕೆ ಇದು ಇನ್ನೂ ಕಷ್ಟದ ಕೆಲಸ. ಅದರ ಉದ್ದನೆಯ ತಂತುವಿನ ತುದಿಯಲ್ಲಿ ಹುಟ್ಟಿದ ಚೀಲ ಅಷ್ಟು ದೂರ ಸಾಗಿ ಕೋಶದ ನಡುಭಾಗ ಸೇರಬೇಕು. ಬೇರೆ ಕೋಶಗಳಂತೆ ಎರಡಾಗಿ ಒಡೆದು ಕಸವನ್ನು ಹಂಚಿಕೊಳ್ಳುವ ಅನುಕೂಲವೂ ಅದಕ್ಕಿಲ್ಲ. ಹಾಗಾಗಿಯೇ, ನರಕೋಶಗಳಲ್ಲಿ ಈ ವ್ಯವಸ್ಥೆಯ ಒಂದು ಮುಖ್ಯ ಜೀನ್ ತೆಗೆದುಹಾಕಿದ ಇಲಿಗಳು, ಬೇರೆ ಯಾವ ಗಾಯವಿಲ್ಲದಿದ್ದರೂ, ಪ್ರೋಟೀನಿನ ಗಂಟುಗಳು ಕೂಡಿ ನರನಾಶಕ್ಕೊಳಗಾದುದನ್ನು 2006ರಲ್ಲಿ ಜಪಾನಿನ ಎರಡು ತಂಡಗಳು ತೋರಿಸಿದವು.

ಈಗ ಪೆಟ್ಟಿನ ವಿಷಯ. ಪೆಟ್ಟಾದ ಮೊದಲ ಕೆಲವು ದಿನಗಳಲ್ಲಿ ಇಲಿಗಳ ನರಕೋಶಗಳ ತುಂಬ ಈ ಚೀಲಗಳು ಕಾಣುತ್ತವೆ. ಇದನ್ನು ಕಂಡು ‘ಆಟೋಫೇಜಿ ಹೆಚ್ಚಿದೆ’ ಎನ್ನುವುದು ಸುಲಭ, ಆದರೆ ಅದು ತಪ್ಪು ಓದು. ಕಸದೊಂದಿಗೆ ತಾನೂ ಜೀರ್ಣವಾಗಬೇಕಾದ ಪಿ62 ಎಂಬ ಪ್ರೋಟೀನು ಅದೇ ಕೋಶಗಳಲ್ಲಿ ಕೂಡಿಬಿದ್ದಿರುತ್ತದೆ. ಎಂದರೆ ಹೆಡಿಗೆಗಳು ತುಂಬಿ ನಿಂತಿವೆ, ಗುಂಡಿ ಕೆಲಸ ಮಾಡುತ್ತಿಲ್ಲ. ಪೆಟ್ಟಿನಿಂದ ಲೈಸೋಸೋಮ್‌ನ ಪೊರೆಯೇ ಹಾನಿಗೊಂಡು ಅದರೊಳಗಿನ ಕಿಣ್ವಗಳು ಹೊರಗೆ ಸೋರುತ್ತವೆ. ಇಂಥ ಹೊತ್ತಿನಲ್ಲಿ ಇನ್ನಷ್ಟು ಹೆಡಿಗೆ ತುಂಬಿಸಿ ಫಲವೇನು? ಇಲಿಗಳಲ್ಲಿ ಈ ತಡೆ ಸುಮಾರು ಒಂದು ವಾರದಲ್ಲಿ ಸಡಿಲಗೊಳ್ಳುತ್ತದೆ.

ಉತ್ತರ: ತೀರ್ಥಹಳ್ಳಿಯ ಓದುಗ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇನ್ನೊಂದು ಮುಖವನ್ನೂ ಹೇಳುವುದು ನ್ಯಾಯ. ಪೆಟ್ಟಾದ ನಾಲ್ಕು ಗಂಟೆಗಳ ಬಳಿಕ, ಆಟೋಫೇಜಿಯನ್ನು ಪ್ರಚೋದಿಸುವ ರಾಪಮೈಸಿನ್ ಕೊಟ್ಟಾಗ ಇಲಿಗಳು ಹೆಚ್ಚು ಚೇತರಿಸಿಕೊಂಡವೆಂದು 2007ರ ಅಧ್ಯಯನವೊಂದು ಹೇಳುತ್ತದೆ. ಮಧ್ಯಮ ಗಾಯದ ಇಲಿಗಳಿಗೆ 24 ಗಂಟೆಗಳ ಉಪವಾಸದಿಂದ ಲಾಭವಾದದ್ದೂ ಉಂಟು. ನೆಂಟರ ಮಾತಿಗೆ ಬುಡವೇ ಇಲ್ಲ ಎನ್ನಲಾಗದು.

ಮರು ಉತ್ತರ: ಅಧ್ಯಾಪಕಿ

ಸರಿಯಾದ ಮಾತು, ಆದರೆ ಆ ಉಪವಾಸದ ಪ್ರಯೋಗವನ್ನು ಪೂರ್ತಿ ನೋಡಬೇಕು. ಅದೇ ಇಲಿಗಳಲ್ಲಿ 48 ಗಂಟೆಗಳ ಉಪವಾಸದಿಂದ ಆ ಲಾಭ ಕಾಣಲಿಲ್ಲ, ತೀವ್ರ ಗಾಯದಲ್ಲಿ 24 ಗಂಟೆಗಳದ್ದೂ ನೆರವಾಗಲಿಲ್ಲ. ಅಲ್ಲಿ ಕೆಲಸ ಮಾಡಿದ್ದು ಹೆಚ್ಚಾಗಿ, ಉಪವಾಸದಲ್ಲಿ ದೇಹ ಕೊಬ್ಬಿನಿಂದ ತಯಾರಿಸಿಕೊಳ್ಳುವ ಕೀಟೋನ್‌ಗಳೆಂದೇ ಸಂಶೋಧಕರು ಭಾವಿಸಿದರು. ರಾಪಮೈಸಿನ್ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಎಂಬುದನ್ನೂ ಮರೆಯಬಾರದು. ಇವೆಲ್ಲ ಪೆಟ್ಟಿನ ಬೆನ್ನಲ್ಲೇ ನಡೆದ ಪ್ರಯೋಗಗಳು. ವಾರಗಳು ಕಳೆದು ಮನೆಯಲ್ಲಿ ಚೇತರಿಸಿಕೊಳ್ಳುತ್ತಿರುವ ಮನುಷ್ಯನಿಗೆ ಅವನ್ನು ಅನ್ವಯಿಸಲು ಆಧಾರವಿಲ್ಲ.

ಉತ್ತರ: ನಿವೃತ್ತ ಶುಶ್ರೂಷಕಿ, ಹೊಸನಗರ

ತಲೆಗೆ ತೀವ್ರ ಪೆಟ್ಟಾದವರ ದೇಹಕ್ಕೆ ಎಂದಿಗಿಂತ ಹೆಚ್ಚು ಶಕ್ತಿ ಬೇಕಾಗುತ್ತದೆ, ಸ್ನಾಯುಗಳು ಬೇಗ ಕರಗುತ್ತವೆ. ತೀವ್ರ ಗಾಯದವರಿಗೆ ಐದನೆಯ ದಿನದೊಳಗೆ, ತಡವೆಂದರೆ ಏಳನೆಯ ದಿನದೊಳಗೆ, ಅಗತ್ಯದ ಪೂರ್ತಿ ಆಹಾರ ದೊರೆಯಬೇಕೆಂದು ಚಿಕಿತ್ಸಾ ಮಾರ್ಗಸೂಚಿ ಹೇಳುವುದು ಅದಕ್ಕಾಗಿಯೇ. ಊಟ ತಪ್ಪಿದ ದಿನ ಮಾತ್ರೆಯೂ ತಪ್ಪುವುದನ್ನು ನಾನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ, ಫಿಟ್ಸ್‌ನ ಮಾತ್ರೆ ತಪ್ಪಿದರೆ ಅಪಾಯ. ನಿಮ್ಮ ಚಿಕ್ಕಮ್ಮನವರಿಗೆ ಇದನ್ನು ಮೊದಲು ತಿಳಿಸಿ. ಏಕಾದಶಿಯಿದ್ದರೂ ಅವನಿಗೆ ಗಂಜಿಯೋ ಮೊಸರನ್ನವೋ ಹೊತ್ತಿಗೆ ಸರಿಯಾಗಿ ಸಿಗಲಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞ. ಹೆಡಿಗೆ, ಗುಂಡಿಯ ಮಾತು ಚಿಕ್ಕಮ್ಮನಿಗೆ ಕೂಡಲೇ ಹಿಡಿಸಿತು. ಬರುವ ವಾರ ತಪಾಸಣೆಗೆ ಶಿವಮೊಗ್ಗಕ್ಕೆ ಹೋದಾಗ ಆಹಾರದ ಬಗ್ಗೆ ವೈದ್ಯರನ್ನೇ ಕೇಳುತ್ತೇವೆ. ಅಲ್ಲಿಯವರೆಗೆ ಅವನ ಊಟ ಒಂದು ಹೊತ್ತೂ ತಪ್ಪದು.