ಮೂರು ಕಾರ್ಡ್ ಇಟ್ಟು ಯೋಚಿಸುವ ಟ್ಯಾರೋ: ರೂಢಿ ಇರುವವರ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನಗೆ ಭವಿಷ್ಯ ಹೇಳಿಸಿಕೊಳ್ಳುವುದು ಬೇಡ. ನನ್ನ ಮನಸ್ಸಿನಲ್ಲಿ ಏನು ನಡೀತಿದೆ ಅಂತ ತಿಳಿಯಲು ಟ್ಯಾರೋ (ಸಾಮಾನ್ಯವಾಗಿ ಭವಿಷ್ಯ ನೋಡಲು ಬಳಸುವ ಚಿತ್ರದ ಕಾರ್ಡ್‌ಗಳು) ಬಳಸುತ್ತಿದ್ದೇನೆ, ಅಷ್ಟೇ.

ನನ್ನ ಹತ್ತಿರ ಇರುವುದು ರೈಡರ್-ವೇಟ್-ಸ್ಮಿತ್ ಡೆಕ್, 78 ಕಾರ್ಡ್. 1909ರಲ್ಲಿ ಲಂಡನ್‌ನಲ್ಲಿ ಬಂದದ್ದು. ಇದರ ಚಿತ್ರಗಳನ್ನು ಬರೆದ ಪಮೇಲಾ ಕೋಲ್ಮನ್ ಸ್ಮಿತ್, ಕತ್ತಿ, ಬಟ್ಟಲು ಮುಂತಾದ ಗುಂಪುಗಳ ಮೈನರ್ ಕಾರ್ಡ್‌ಗಳಲ್ಲೂ ಹೆಚ್ಚಿನವುಗಳಲ್ಲಿ ಮನುಷ್ಯರಿರುವ ದೃಶ್ಯಗಳನ್ನು ಬರೆದಿದ್ದಾರೆ. ಸುಮ್ನೆ ನೋಡುತ್ತಾ ಕೂತರೂ ಏನೋ ಹೊಳೆಯುತ್ತದೆ.

ಈಗಿರುವ ಸ್ಥಿತಿ, ತಡೆಯುತ್ತಿರುವುದು, ನಾನು ಮಾಡಬಹುದಾದದ್ದು ಅಂತ ಮೂರು ಕಾರ್ಡ್ ಇಡುತ್ತೇನೆ. ಕೆಲಸ ಬದಲಿಸುವ ಬಗ್ಗೆ ಕೇಳಿಕೊಂಡಾಗ ಎರಡನೇ ಜಾಗದಲ್ಲಿ ಟೂ ಆಫ್ ಸ್ವೋರ್ಡ್ಸ್ ಬಂತು. ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸು, ಎದೆಯ ಮುಂದೆ ಅಡ್ಡ ಹಿಡಿದ ಎರಡು ಕತ್ತಿ, ಹಿಂದೆ ಸಮುದ್ರ. ಅವಳ ಕೈ ಎಷ್ಟು ನೋಯುತ್ತಿರಬೇಕು ಅನ್ನಿಸಿತು. ನಿರ್ಧಾರ ಮುಂದೂಡಲು ನಾನೂ ಎಷ್ಟು ಶಕ್ತಿ ಹಾಕುತ್ತಿದ್ದೇನಲ್ವಾ ಅಂತ ಆಗಲೇ ತೋಚಿದ್ದು. ಆದರೆ ಕಾರ್ಡ್‌ಗಳ ಅರ್ಥ ಹೇಳುವ ಪುಸ್ತಕ ತೆರೆದ ಕೂಡಲೇ ಅದರಲ್ಲಿದ್ದ ಅರ್ಥವೇ ತಲೆಯಲ್ಲಿ ಕೂತುಬಿಟ್ಟಿತು. ನನ್ನ ಯೋಚನೆ ಅಲ್ಲಿಗೇ ನಿಂತಿತು.

ನೀವು ಅರ್ಥ ನೋಡುವ ಮೊದಲೇ ಬರೆದಿಡುತ್ತೀರಾ? ಏನೇನು ಬರೆಯುತ್ತೀರಿ? ತಲೆಕೆಳಗಾಗಿ ಬಂದ ಕಾರ್ಡನ್ನು ಹಾಗೇ ಓದಬೇಕಾ, ನೇರ ಮಾಡಿಕೊಳ್ಳಬಹುದಾ? ಇಷ್ಟವಾಗದ ಕಾರ್ಡ್ ಬಂದರೆ ಇನ್ನೊಂದು ಎಳೆಯುವ ಆಸೆ ಜಾಸ್ತಿ ಆಗುತ್ತದೆ. ಅದನ್ನು ಹೇಗೆ ತಡೆಯುತ್ತೀರಿ? ನನಗೆ ಮುಖ್ಯವಾದದ್ದು ಇದೇ.

"ಕೆಲಸ ಸಿಗುತ್ತಾ" ಅಂತ ಕೇಳುವುದನ್ನು ಬಿಟ್ಟು "ನನಗೆ ಭಯ ಯಾವುದರದ್ದು" ಅಂತ ಕೇಳುವುದು ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಇಂಥ ಪ್ರಶ್ನೆಗಳು ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಹಂಚಿಕೊಳ್ಳಿ. ನನಗಾಗಿ ಕಾರ್ಡ್ ತೆಗೆದು ಓದುವುದು ಮಾತ್ರ ಬೇಡ.