ಮೂರು ಸಲ ಆಸೆಪಟ್ಟು ಮುಗ್ಗರಿಸಿದ್ದೇನೆ, ನಾಲ್ಕನೇ ಸಲ ಹೇಗೆ ಅಳೆಯೋದು?

ಅರ್ಧಕರುಳು:

ನನಗೆ ಕ್ರೋನ್ಸ್ (ಕರುಳಲ್ಲಿ ಉರಿಯೂತ, ಹುಣ್ಣು ಆಗೋ ದೀರ್ಘಕಾಲದ ಕಾಯಿಲೆ) ಪತ್ತೆಯಾಗಿದ್ದು 2012ರಲ್ಲಿ. ಸಣ್ಣ ಕರುಳಿನ ತುದಿಯ ಒಂದು ಗೇಣು ಕತ್ತರಿಸಿ ತೆಗೆದಾಗಿದೆ (ಅರ್ಧ ಅನ್ನೋದು ನನ್ನ ಉತ್ಪ್ರೇಕ್ಷೆ, ಹೆಸರು ನೋಡಿ ಹೆದರಬೇಡಿ). ಇನ್‌ಫ್ಲಿಕ್ಸಿಮ್ಯಾಬ್ ಅನ್ನೋ ಉರಿಯೂತ ತಗ್ಗಿಸೋ ಔಷಧಿ ಮೂರು ವರ್ಷ ಚೆನ್ನಾಗಿ ನಡೀತು, ಆಮೇಲೆ ಮೈಯೇ ಅದರ ವಿರುದ್ಧ ಆಂಟಿಬಾಡಿ ಬೆಳೆಸಿಕೊಂಡಿತು. ಅದೇ ಜಾತಿಯ ಅಡಾಲಿಮುಮ್ಯಾಬ್ ಏಳು ತಿಂಗಳಿಗೇ ಕೈಕೊಟ್ಟಿತು. ಈಗ ಸ್ಟೀರಾಯ್ಡ್ ನುಂಗಿಕೊಂಡು ದಿನ ದೂಡ್ತಿದ್ದೇನೆ. ಮುಖ ಎಷ್ಟು ಊದಿದೆ ಅಂದ್ರೆ ಫೋನ್ ನನ್ನ ಗುರುತು ಹಿಡಿಯೋದು ಬಿಟ್ಟಿದೆ, ಪ್ರತಿ ಸಲ ಪಿನ್ ಒತ್ತಬೇಕು.

ಹೋದ ವಾರ ಡಾಕ್ಟರು ಒಂದು ಟ್ರಯಲ್ (ಹೊಸ ಔಷಧಿಯನ್ನು ರೋಗಿಗಳ ಮೇಲೆ ಪರೀಕ್ಷಿಸೋದು) ವಿಷಯ ಎತ್ತಿದರು. ಉರಿಯೂತ ಹೆಚ್ಚಿಸೋ ಟಿಎಲ್1ಎ ಅನ್ನೋ ಪ್ರೋಟೀನನ್ನು ತಡೆಯುವ ಇಂಜೆಕ್ಷನ್, ಒಪ್ಪಿಗೆಗೆ ಮುಂಚಿನ ದೊಡ್ಡ ಪರೀಕ್ಷೆ, ಅಂದ್ರೆ ಮೂರನೇ ಹಂತ. ಮನೆಗೆ ಬರೋ ದಾರಿಯಲ್ಲೇ ಮನಸ್ಸು ಮುಂದಿನ ವರ್ಷದ ಪ್ರವಾಸ ಹಾಕಿಕೊಳ್ಳೋಕೆ ಶುರು ಮಾಡ್ತು. ಟಾಯ್ಲೆಟ್ ಎಲ್ಲಿದೆ ಅಂತ ಹುಡುಕದೇ ಹೋಗೋ ಪ್ರವಾಸ. ಆಗಲೇ ನನಗೆ ಭಯ ಆಗಿದ್ದು.

ಯಾಕಂದ್ರೆ ಈ ದಾರಿ ನನಗೆ ಗೊತ್ತು. ಮೊದಲು ಹುಳುವಿನ ಮೊಟ್ಟೆ. ಹಂದಿಯ ಕರುಳಲ್ಲಿರೋ ಹುಳುವಿನ 2500 ಮೊಟ್ಟೆಗಳನ್ನು ಮೂರು ವಾರಕ್ಕೊಮ್ಮೆ ಕುಡಿಯೋದು. 2005ರ ವರದಿಯಲ್ಲಿ 29 ಜನರಲ್ಲಿ 23 ಜನ ಸುಧಾರಿಸಿದ್ದರು. ರೋಗ ಹೊಸದು, ವರದಿ ಹಳೇದು, ನಾನು ಮಾತ್ರ ರಾತ್ರಿಯೆಲ್ಲ ಓದಿ ಅಮ್ಮನನ್ನು ಎಬ್ಬಿಸಿ ಹೇಳಿದ್ದೆ. ಅಮ್ಮ "ಹುಳ ಹೋಗ್ಲಿ ಅಂತ ಚಿಕ್ಕವಳಿದ್ದಾಗ ಔಷಧಿ ಕುಡಿಸಿದ್ದು ಯಾಕಪ್ಪಾ ಹಾಗಾದ್ರೆ" ಅಂದಳು. 2013ರಲ್ಲಿ ದೊಡ್ಡ ಟ್ರಯಲ್‌ನ ಫಲಿತಾಂಶ ಬಂತು: ಸುಧಾರಿಸಿದವರು ಮೊಟ್ಟೆ ಕುಡಿದವರಲ್ಲಿ ಶೇ. 44.3, ಸುಮ್ಮನೆ ನೀರಿನಂಥದ್ದು (ಪ್ಲಸೀಬೊ, ಔಷಧಿಯಿಲ್ಲದ ತೋರಿಕೆಯದ್ದು) ಕುಡಿದವರಲ್ಲಿ ಶೇ. 42.7.

ಆಮೇಲೆ 2015ರಲ್ಲಿ ಮೊಂಗರ್ಸೆನ್ ಮಾತ್ರೆ. ಎರಡೇ ವಾರದಲ್ಲಿ ಶೇ. 65 ಜನರಿಗೆ ಉಪಶಮನ, ಪ್ಲಸೀಬೊದಲ್ಲಿ ಶೇ. 10. ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡೆ. 2017ರ ಅಕ್ಟೋಬರ್‌ನಲ್ಲಿ ಮೂರನೇ ಹಂತವನ್ನೇ ನಿಲ್ಲಿಸಿಬಿಟ್ಟರು. ಮೂರನೆಯದು ಫಿಸ್ಟುಲಾಗೆ (ಗುದದ ಬಳಿ ಕರುಳಿಂದ ಚರ್ಮಕ್ಕೆ ಕೊರೆಯೋ ತೂತು) ಹಾಕುವ ಕಾಂಡಕೋಶ (ಸ್ಟೆಮ್ ಸೆಲ್). 2018ರಲ್ಲಿ ಯುರೋಪಿನಲ್ಲಿ ಒಪ್ಪಿಗೆಯೂ ಸಿಕ್ಕಿತ್ತು, ಹಾಗಾಗಿ ಇದು ಗಟ್ಟಿ ಅಂತ ನಂಬಿದ್ದೆ. 2023ರಲ್ಲಿ ಎರಡನೇ ಟ್ರಯಲ್ ಬಿತ್ತು, 2024ರ ಕೊನೆಗೆ ಮಾರುಕಟ್ಟೆಯಿಂದಲೇ ವಾಪಸ್.

ಟ್ರಯಲ್ ಸೇರಲೇ ಬೇಡವೇ ಅಂತ ಕೇಳ್ತಿಲ್ಲ, ಅದು ನಾನೂ ಡಾಕ್ಟರೂ ಕೂತು ಮಾತಾಡೋ ವಿಷಯ. ಇಂಥ ಸುದ್ದಿ ಬಂದಾಗ ಎಷ್ಟು ಆಸೆ ಇಟ್ಟುಕೊಳ್ಳಬೇಕು ಅಂತ ನೀವೆಲ್ಲ ಹೇಗೆ ಅಳೆಯುತ್ತೀರಿ?

ಎರಡನೇ_ಚೀಟಿ:

ನಾನು ಅಳೆಯೋದೇ ಇಲ್ಲ. ಇಲಿಯ ಮೇಲೆ, ಲ್ಯಾಬಿನಲ್ಲಿ, "ಭರವಸೆಯ ಬೆಳಕು" ಅಂತ ಇದ್ದರೆ ತೆರೆಯೋದೂ ಇಲ್ಲ.

ಕೇಳೋಕೆ ಸರಿಯಾಗಿದೆ ಅನ್ನಿಸೋ ತರ್ಕಕ್ಕೂ ಕರುಳು ಬಗ್ಗಲ್ಲ. ಸೆಕುಕಿನುಮ್ಯಾಬ್ ನೋಡಿ. ಉರಿಯೂತ ಇರೋ ಕರುಳಲ್ಲಿ ಐಎಲ್-17 ಅನ್ನೋ ಪ್ರೋಟೀನ್ ಜಾಸ್ತಿ ಇದೆ, ಹಾಗಾದ್ರೆ ಅದನ್ನು ತಡೆದರೆ ಆಯ್ತು ಅಂದರು. ಸೋರಿಯಾಸಿಸ್‌ಗೆ ಆ ಔಷಧಿ ಈಗ ಚೆನ್ನಾಗಿ ಕೆಲಸ ಮಾಡುತ್ತೆ. ಕ್ರೋನ್ಸ್‌ನವರಿಗೆ ಕೊಟ್ಟಾಗ ಪ್ಲಸೀಬೊದವರಿಗಿಂತ ಕೆಟ್ಟ ಸ್ಥಿತಿಗೆ ಬಂದರು, ಟ್ರಯಲ್ ನಡುವೆಯೇ ನಿಂತಿತು. 2012ರಲ್ಲಿ ಪ್ರಕಟ ಆಗಿದೆ. ಜಾಸ್ತಿ ಇದ್ದದ್ದು ಬೆಂಕಿ ಹಚ್ಚೋಕಲ್ಲ, ಆರಿಸೋಕೆ ಬಂದಿತ್ತೋ ಏನೋ.

ಇನ್ನೊಂದು. ನೀವು ತೆಗೆದುಕೊಂಡ ಎರಡೂ ಟಿಎನ್ಎಫ್ ಅನ್ನೋ ಉರಿಯೂತದ ಪ್ರೋಟೀನನ್ನು ತಡೆಯೋ ಒಂದೇ ಗುಂಪಿನ ಔಷಧಿಗಳು. ವೆಡೊಲಿಜುಮ್ಯಾಬ್, ಉಸ್ಟೆಕಿನುಮ್ಯಾಬ್, ರಿಸ್ಯಾಂಕಿಜುಮ್ಯಾಬ್, ಉಪಾಡಾಸಿಟಿನಿಬ್, ಯಾವುದೂ ನೋಡಿಲ್ಲವಲ್ಲ? ಒಪ್ಪಿಗೆ ಸಿಕ್ಕ ಬಾಗಿಲು ನಾಲ್ಕು ತೆರೆದಿರುವಾಗ ಕಿಟಕಿ ಹತ್ತೋದ್ಯಾಕೆ? ಮೊದಲು ಡಾಕ್ಟರನ್ನು ಇದನ್ನೇ ಕೇಳಿ.

ಖಾಲಿ_ಸಿರಿಂಜು:

ಅಕ್ಕ, ನಾನು ಟ್ರಯಲ್‌ನಲ್ಲಿದ್ದು ಬಂದವನು. ಯಾವ ಔಷಧಿ ಅಂತ ಹೇಳಲ್ಲ, ಅದರಿಂದ ಇಲ್ಲಿ ಪ್ರಯೋಜನವೂ ಇಲ್ಲ.

ದಿನಕ್ಕೆ ಒಂಬತ್ತು ಸಲ ಹೋಗ್ತಿದ್ದವನು ಐದನೇ ವಾರಕ್ಕೆ ನಾಲ್ಕಕ್ಕೆ ಇಳಿದೆ. ಹೊಟ್ಟೆನೋವು ಕಡಿಮೆ. ನಿದ್ದೆ ಬಂತು. ಡೈರಿಯಲ್ಲಿ ದಿನಾ ಬರೆಯಬೇಕಿತ್ತು, ಅಂಕ ಇಳಿಯೋದು ನೋಡಿ ನರ್ಸ್ ಕೂಡ ನಗ್ತಿದ್ದರು. ನಾನಂತೂ ಔಷಧಿಯೇ ಸಿಕ್ಕಿದೆ ಅಂತ ಆಣೆ ಇಟ್ಟು ಹೇಳ್ತಿದ್ದೆ. ಹನ್ನೆರಡನೇ ವಾರ ಕರುಳೊಳಗೆ ಕ್ಯಾಮೆರಾ ಹಾಕಿ ನೋಡಿದರು. ಹುಣ್ಣು ಮೊದಲು ಎಲ್ಲೆಲ್ಲಿ ಇತ್ತೋ ಅಲ್ಲಲ್ಲೇ ಇತ್ತು. ಎಲ್ಲ ಮುಗಿದ ಮೇಲೆ ಗುಟ್ಟು ಒಡೆದಾಗ ಗೊತ್ತಾಯ್ತು, ನನಗೆ ಸಿಕ್ಕಿದ್ದು ಪ್ಲಸೀಬೊ.

ಆ ಐದು ವಾರ ಸುಳ್ಳಾ? ನಾಲ್ಕೇ ಸಲ ಹೋಗಿದ್ದು ನಿಜ. ಮೂರು ದಿನಕ್ಕೊಮ್ಮೆ ಯಾರೋ ಫೋನ್ ಮಾಡಿ ಹೇಗಿದ್ದೀರಿ ಅಂತ ಕೇಳ್ತಿದ್ದರು. ಕ್ರೋನ್ಸ್ ಏರುತ್ತೆ ಇಳಿಯುತ್ತೆ, ಜನ ಟ್ರಯಲ್‌ಗೆ ಬರೋದು ಏರಿದಾಗಲೇ. ಅಲ್ಲಿಂದ ಅದು ಇಳಿಯೋಕೂ ಸಾಕು. ನಿಮ್ಮ ಹುಳುವಿನ 42.7 ಎಲ್ಲಿಂದ ಬಂತು ಅಂತ ನನಗೆ ಒಳಗಿನಿಂದ ಗೊತ್ತು. ಅದರೊಳಗೆ ನನ್ನಂಥವರೇ ಕೂತಿರ್ತಾರೆ.

ಹಾಗಾಗಿ ನಾನು ನೋಡೋದು ಎರಡೇ. ಒಂದು, ಪಕ್ಕದಲ್ಲಿ ಪ್ಲಸೀಬೊ ಇತ್ತಾ. 2005ರ ಆ 29 ಜನರಿಗೂ ಮೊಟ್ಟೆ ಅಂತ ಗೊತ್ತಿದ್ದೇ ಕುಡಿದದ್ದು, ಹೋಲಿಸೋಕೆ ಬೇರೆ ಗುಂಪೇ ಇರಲಿಲ್ಲ. ಎರಡು, ಒಳಗೆ ಇಣುಕಿ ನೋಡಿದರಾ. ಮೊಂಗರ್ಸೆನ್‌ನ ಆ ಶೇ. 65 ಬಂದದ್ದು ಭೇದಿ, ನೋವು, ಹೇಗನ್ನಿಸುತ್ತೆ ಅನ್ನೋ ಅಂಕಗಳನ್ನು ಕೂಡಿಸಿ. ಕ್ಯಾಮೆರಾ ಹಾಕಿ ಹುಣ್ಣು ಮಾಗಿದೆಯಾ ಅಂತ ಆ ಟ್ರಯಲ್‌ನಲ್ಲಿ ನೋಡಿರಲಿಲ್ಲ. ಅಂಕಿ ಎಷ್ಟೇ ದೊಡ್ಡದಿರಲಿ, ಇದನ್ನು ಓದಿದ ಕೂಡಲೇ ನಾನು ಪುಟ ಮುಚ್ತೀನಿ.

ಟಿಎಲ್1ಎ ವಿಷಯ: ಅದನ್ನು ತಡೆಯೋ ಟುಲಿಸೊಕಿಬಾರ್ಟ್ ಅನ್ನೋ ಔಷಧಿಯ 2024ರ ವರದಿಯಲ್ಲಿ 12 ವಾರಕ್ಕೆ ಶೇ. 26 ಜನರಿಗೆ ಉಪಶಮನ, ಪ್ಲಸೀಬೊದಲ್ಲಿ ಶೇ. 1. ಕ್ಯಾಮೆರಾ ಕೂಡ ಆ ಲೆಕ್ಕದಲ್ಲಿದೆ. 65ರ ಮುಂದೆ 26 ಬಡವಾಗಿ ಕಾಣುತ್ತೆ, ನನಗೆ ಮಾತ್ರ ಇದೇ ಹೆಚ್ಚು ನಂಬಿಕೆ. ಆದರೆ ಅದು ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿಗೆ ಮಾತ್ರ ಬರೋ ಉರಿಯೂತದ ಕಾಯಿಲೆ) ಇರೋರದ್ದು, ನಿಮ್ಮದು ಕ್ರೋನ್ಸ್. ಆ ಅಂಕಿಯನ್ನು ನಿಮ್ಮ ಹೆಸರಿಗೆ ಬರೆದುಕೊಳ್ಳಬೇಡಿ.

ಎರಡನೇ ಚೀಟಿಯವರ ಮಾತು ಮಾತ್ರ ಸರಿ. ನನಗೆ ಆಗ ಬೇರೆ ಬಾಗಿಲು ಉಳಿದಿರಲಿಲ್ಲ.

ರಾತ್ರಿಪಾಳಿ:

ನನ್ನದು ಅಲ್ಸರೇಟಿವ್ ಕೊಲೈಟಿಸ್. ಟ್ರಯಲ್‌ಗೆ ಕಾಯೋ ತಾಳ್ಮೆ ಇಲ್ಲದೆ ಮನೆಯಲ್ಲೇ ಮಾಡಿಕೊಂಡ ಮೂರ್ಖ ನಾನು, ಅದಕ್ಕೇ ಬರೀತಿದ್ದೀನಿ.

ಮಲ ಕಸಿ. ಹೌದು, ಬೇರೆಯವರ ಮಲ. 2015ರಲ್ಲಿ 75 ಜನರ ಟ್ರಯಲ್‌ನಲ್ಲಿ ಶೇ. 24 ಜನರಿಗೆ ಉಪಶಮನ, ಪ್ಲಸೀಬೊದಲ್ಲಿ ಶೇ. 5. ಅದರಲ್ಲೂ ಗುಣ ಕಂಡವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಒಬ್ಬನೇ ದಾನಿಯದ್ದು. ನಾನು ಅಲ್ಲಿಗೆ ನಿಲ್ಲಬೇಕಿತ್ತು. "ನಮ್ಮಣ್ಣನೇ ಆ ದಾನಿ ಇರಬಹುದು" ಅಂದುಕೊಂಡೆ. ಜೀವಮಾನದಲ್ಲಿ ಹೊಟ್ಟೆ ಕೆಡಿಸಿಕೊಂಡವನಲ್ಲ ಅವನು. ಪಾಪ, ಕೇಳಿದ ತಕ್ಷಣ ಒಪ್ಪಿಕೊಂಡ, ಇವತ್ತಿಗೂ ಮನೆಯಲ್ಲಿ ಅದೇ ಮಾತಿಗೆ ಗೋಳು ಹೊಯ್ಕೊಳ್ತಾರೆ.

ನಾಲ್ಕನೇ ದಿನ ಚಳಿಜ್ವರ, ಆಸ್ಪತ್ರೆ. ಅಲ್ಲಿ ಏನು ಮಾಡಿಕೊಂಡೆ ಅಂತ ಹೇಳೋಕೆ ನಾಚಿಕೆಯಾಗಿ ಒಂದು ರಾತ್ರಿ ಬಾಯಿ ಬಿಡಲಿಲ್ಲ, ಅದು ಇನ್ನೂ ದೊಡ್ಡ ತಪ್ಪು. 2019ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿತ್ತು: ಕಸಿಯಲ್ಲಿ ಆಂಟಿಬಯೊಟಿಕ್‌ಗೆ ಜಗ್ಗದ ಇ. ಕೋಲೈ ದಾಟಿಬಂದು ಒಬ್ಬರು ತೀರಿಕೊಂಡಿದ್ದರು. ದಾನಿಯ ಮಲದಲ್ಲಿ ಆ ಬ್ಯಾಕ್ಟೀರಿಯಾ ಇದೆಯಾ ಅಂತ ಪರೀಕ್ಷೆ ಆಗಿರಲಿಲ್ಲ. ನನ್ನಣ್ಣನ ಪರೀಕ್ಷೆ ಏನು ಗೊತ್ತಾ? "ಆರಾಮಾಗಿದೀಯಾ?" "ಹೂಂ." ಅಷ್ಟೇ.

ಆಸೆ ಎಷ್ಟಾದರೂ ಇಟ್ಕೊಳ್ಳಿ ಮೇಡಂ. ಟ್ರಯಲ್‌ನಲ್ಲಿ ಜ್ವರ ಬಂದರೆ ಎತ್ತೋಕೆ ಒಂದು ಫೋನ್ ನಂಬರ್ ಇರುತ್ತೆ. ನನಗೆ ಅದಿರಲಿಲ್ಲ.

ಅರ್ಧಕರುಳು:

ಎಲ್ಲರಿಗೂ ಥ್ಯಾಂಕ್ಸ್. ರಾತ್ರಿಪಾಳಿ, ನಿಮ್ಮಣ್ಣನಿಗೆ ನನ್ನ ನಮಸ್ಕಾರ ಹೇಳಿ.

ಸೋಮವಾರ ಹೋಗಿ ಕೇಳಿಕೊಂಡು ಬಂದೆ. ಮಿಕ್ಕ ನಾಲ್ಕು ಔಷಧಿಗಳ ಮಾತು ಎತ್ತಿದಾಗ ಡಾಕ್ಟರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದೂ ಆಗಬಹುದು, ಮೊದಲೇ ಹೇಳಬೇಕಿತ್ತು" ಅಂದರು. ಕೋಪ ಬಂತು, ಆದರೆ ಒಪ್ಪಿಕೊಂಡರಲ್ಲ ಅಂತ ನುಂಗಿದೆ. ಟ್ರಯಲ್‌ನಲ್ಲಿ ಪ್ಲಸೀಬೊ ಇದೆಯಂತೆ, ಸುಧಾರಿಸದಿದ್ದವರಿಗೆ ಆಮೇಲೆ ಅಸಲಿ ಔಷಧಿ ಕೊಡ್ತಾರಂತೆ. ನಡುವೆ ಬಿಟ್ಟು ಬರಬಹುದು, ಕಾರಣ ಹೇಳಬೇಕಾಗಿಲ್ಲ. ಕ್ಯಾಮೆರಾ ಹಾಕ್ತೀರಾ ಅಂತ ಕೇಳಿದ್ದಕ್ಕೆ ಅಲ್ಲಿದ್ದ ಹುಡುಗಿ ಕನ್ನಡಕ ಸರಿಮಾಡಿಕೊಂಡು ನೋಡಿದಳು. "ಹಾಕ್ತೀವಿ. ಶುರುವಿನಲ್ಲೂ ಹಾಕ್ತೀವಿ, ಆಮೇಲೂ ಹಾಕ್ತೀವಿ. ಸಾಮಾನ್ಯವಾಗಿ ಜನ ಬೇಡ ಅಂತಾರೆ" ಅಂದಳು.

ಸಹಿ ಹಾಕಿಲ್ಲ. ಉಸ್ಟೆಕಿನುಮ್ಯಾಬ್ ಮೊದಲೋ ಟ್ರಯಲ್ ಮೊದಲೋ ಅನ್ನೋದು ನಾಳೆಯ ಕೊಲೊನೋಸ್ಕೋಪಿ ನೋಡಿ ಅಂತ ತೀರ್ಮಾನ ಆಗಿದೆ. ಪ್ರವಾಸದ ಹುಚ್ಚು ಹೋಗಿಲ್ಲ, ಟಿಕೆಟ್ ಅಂತೂ ತೆಗೆದಿಲ್ಲ.

ಇದನ್ನು ಬರೀತಾ ಕರುಳು ತೊಳೆಯೋ ದ್ರಾವಣ ಕುಡೀತಿದ್ದೀನಿ. ಎರಡನೇ ಲೀಟರ್. ಖಾಲಿ ಸಿರಿಂಜಣ್ಣ, ನಿಮ್ಮನ್ನು ಇನ್ನೊಂದು ಕೇಳಬೇಕಿತ್ತು, ಗುಟ್ಟು ಒಡೆದು ಹೇಳಿದ ದಿನ ನೀವು

ಏಳಬೇಕು. ಆಮೇಲೆ ಬರ್ತೀನಿ.